ಹಳೆಯ ಬಂಡಿಗಳ ಜೀರ್ಣೋದ್ಧಾರ



ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತವಾದುದು. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ಪೂಜೆಗೆ, ನಂದಾದೀಪಕ್ಕೆ ಎಂದು ನಿಯಮಿಸುವುದರ ಜೊತೆಗೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕಾಗಿಯೂ ದಾನಿಗಳು ಒಂದು ಪಾಲನ್ನು ಮುಂಚೆಯೇ ತೆಗೆದಿರಿಸುತ್ತಿದ್ದರು. ಕಟ್ಟಿದುದು ಎಂದಾದರೂ ಜೀರ್ಣವಾಗಿಯೇ ತೀರುವುದೆಂಬ ವಿವೇಕವೂ, ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಹೊಸತನ್ನು ಕಟ್ಟಿದಷ್ಟೇ ಪುಣ್ಯವೆಂಬ ಶ್ರದ್ಧೆಯೂ ಆ ಒಂದು ಮಾತಿನಲ್ಲಿ ಅಡಗಿವೆ.

ಗುಡಿಗೆ ಸಲ್ಲುವ ಈ ಮಾತು ಬಂಡಿಗೂ ಸಲ್ಲುವುದೇ? ಸರಕು ಹೊತ್ತು ಸವೆದ ಮರದ ಗಾಡಿಗೂ, ತುಕ್ಕು ಹಿಡಿದು ಹೊಲದ ಬದುವಿನಲ್ಲಿ ಬಿದ್ದಿರುವ ಮೋಟಾರು ಲಾರಿಗೂ ಜೀರ್ಣೋದ್ಧಾರವೆಂಬುದುಂಟೇ? ಪಶ್ಚಿಮ ದೇಶಗಳಲ್ಲಿ ಉಂಟೆಂದು ನಂಬಿ, ತಮ್ಮ ಬಿಡುವಿನ ಕಾಲವನ್ನೂ ಉಳಿತಾಯದ ಹಣವನ್ನೂ ಅದಕ್ಕಾಗಿ ವೆಚ್ಚಮಾಡುತ್ತಿರುವ ಜನರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಬಹುಮಂದಿಗೆ ಇದು ಜೀವನೋಪಾಯವಲ್ಲ, ಕೇವಲ ಹವ್ಯಾಸ. ಆದರೆ ಈ ಹವ್ಯಾಸದಿಂದ ಚರಿತ್ರೆಗೆ ಸಂದಿರುವ ಲಾಭವು ಸಾಮಾನ್ಯವಾದುದಲ್ಲ. ಅದು ಹೇಗೆಂಬುದನ್ನೂ, ಅದರಲ್ಲಿ ಅಡಗಿರುವ ಅಪಾಯವೇನೆಂಬುದನ್ನೂ ಈ ಹೊತ್ತು ನಾವು ವಿಚಾರಮಾಡೋಣ.

ಮೊದಲು ಒಂದು ವಿಷಯವನ್ನು ಗಮನಿಸಬೇಕು. ವಾಹನಗಳ ಪೈಕಿ ಕಾಲವು ಉಳಿಸಿಕೊಂಡು ಬಂದಿರುವುದು ಹೆಚ್ಚಾಗಿ ಅರಸರ ವಾಹನಗಳನ್ನು. ಅಂಬಾರಿ ಉಳಿಯುತ್ತದೆ, ಸಾರೋಟು ಉಳಿಯುತ್ತದೆ. ೧೯೭೯ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಮಹಾರಾಣಿಯವರ ಪ್ರಯಾಣಕ್ಕಾಗಿ ೧೮೯೯ರಲ್ಲಿ ಸಿದ್ಧವಾದ ಗಾಡಿಯನ್ನು ಕಂಡು ಬೆರಗಾಗುವುದುಂಟು. ಅಂಥ ಗಾಡಿಗಳಿಗೆ ದುಡಿಮೆ ಕಡಿಮೆ, ಆರೈಕೆ ಹೆಚ್ಚು. ಸರಕಿನ ಬಂಡಿಯ ಪಾಡಾದರೋ ಇದಕ್ಕೆ ತೀರ ವಿರುದ್ಧ. ಅದು ಮುರಿಯುವವರೆಗೂ ದುಡಿಯುತ್ತದೆ. ಮುರಿದ ಮೇಲೆ ಅದರ ಮರ ಒಲೆಗೆ, ಅದರ ಕಬ್ಬಿಣ ಕುಲುಮೆಗೆ. ನಗರಗಳಿಗೆ ಅನ್ನವನ್ನೂ ಇಟ್ಟಿಗೆಯನ್ನೂ ಹೊತ್ತು ತಂದ ವಾಹನವೇ ಗುರುತಿಲ್ಲದಂತೆ ಮಾಯವಾಗುತ್ತದೆ. ಲೆಕ್ಕಪತ್ರಗಳಲ್ಲಿ ಅದರ ಬಾಡಿಗೆ ದೊರೆಯಬಹುದು. ಅದನ್ನು ಕಟ್ಟಿದ ಬಗೆಯಾಗಲಿ, ನಡೆಯಿಸಿದ ಕಷ್ಟವಾಗಲಿ ಅಲ್ಲಿ ದೊರೆಯುವುದಿಲ್ಲ.

ಅಮೆರಿಕಾ ದೇಶದ ಕಾನೆಸ್ಟೋಗಾ ಬಂಡಿಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. ಪೆನ್ಸಿಲ್ವೇನಿಯಾ ಪ್ರಾಂತದ ಲ್ಯಾಂಕಾಸ್ಟರ್ ಸೀಮೆಯಲ್ಲಿ ಕಾನೆಸ್ಟೋಗಾ ಎಂಬ ನದಿಯಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ನೆಲಸಿದ್ದ ಜರ್ಮನ್ ಮೂಲದ ರೈತರೂ ಬಡಗಿಗಳೂ ಕಟ್ಟಿದ ಈ ಬಂಡಿಗೆ ಆ ನದಿಯ ಹೆಸರೇ ನಿಂತಿತು. ನಾಲ್ಕು ಅಥವಾ ಆರು ಕುದುರೆಗಳು ಇದನ್ನು ಎಳೆಯುತ್ತಿದ್ದವು. ಇದರ ತಳವು ಸಮತಲವಾಗಿರದೆ ದೋಣಿಯಂತೆ ಎರಡು ತುದಿಗಳಲ್ಲಿಯೂ ಮೇಲಕ್ಕೆ ಬಾಗಿರುತ್ತಿದ್ದಿತು. ಇದು ಅಲಂಕಾರಕ್ಕಾಗಿ ಮಾಡಿದುದಲ್ಲ. ಬೆಟ್ಟದ ದಾರಿಯಲ್ಲಿ ಏರುವಾಗ ಸರಕು ಹಿಂದಕ್ಕೆ ಜಾರದಂತೆ, ಇಳಿಯುವಾಗ ಮುಂದಕ್ಕೆ ನುಗ್ಗದಂತೆ, ಭಾರವೆಲ್ಲ ನಡುವಿಗೇ ಬಂದು ನಿಲ್ಲಲೆಂದು ಮಾಡಿದ ಉಪಾಯ. ಮೈಗೆ ನೀಲಿಯ ಬಣ್ಣ, ಗಾಲಿಗಳಿಗೆ ಕೆಂಪು, ಮೇಲೆ ಬಿಳಿಯ ಬಟ್ಟೆಯ ಕಮಾನು. ಕುದುರೆಗಳ ಕೊರಳ ಮೇಲೆ ಗಂಟೆಗಳ ಸಾಲು. ಬಂಡಿಕಾರನಿಗೆ ಒಳಗೆ ಆಸನವೇ ಇರಲಿಲ್ಲ. ಅವನು ಪಕ್ಕದಲ್ಲಿ ನಡೆಯಬೇಕು, ಇಲ್ಲವೆ ಎಡಗಡೆಯ ಕುದುರೆಯನ್ನೇರಬೇಕು, ದಣಿದರೆ ಬಂಡಿಯ ಎಡಮಗ್ಗುಲಿನಿಂದ ಹೊರಕ್ಕೆಳೆದುಕೊಳ್ಳುವ ಒಂದು ಹಲಗೆಯ ಮೇಲೆ ಕುಳಿತುಕೊಳ್ಳಬೇಕು. ರೈಲುದಾರಿ ಬೆಟ್ಟಗಳನ್ನು ದಾಟಿ ಪಶ್ಚಿಮಕ್ಕೆ ಹೋದ ಮೇಲೆ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಈ ಬಂಡಿಗಳಿಗೆ ಕೆಲಸವಿಲ್ಲದಾಯಿತು.

ಅವು ಸಂಪೂರ್ಣವಾಗಿ ಅಳಿಯದೆ ಉಳಿದುದು ಕೆಲವರು ಹವ್ಯಾಸಿಗಳಿಂದ. ಅದೇ ಪ್ರಾಂತದ ಡಾಯ್ಲ್‌ಸ್‌ಟೌನ್ ಎಂಬ ಊರಿನಲ್ಲಿದ್ದ ಹೆನ್ರಿ ಮರ್ಸರ್ ಎಂಬ ಪುರಾತತ್ತ್ವಜ್ಞರು, ೧೮೯೭ರಲ್ಲಿ ಮೂಲೆಯಲ್ಲಿ ರಾಶಿ ಹಾಕಿದ್ದ ಹಳೆಯ ಕೈಸಲಕರಣೆಗಳನ್ನು ಕಂಡು, ನೆಲವನ್ನಗೆದು ಹುಡುಕುವ ವಸ್ತುಗಳಿಗಿಂತ ಇವು ಚರಿತ್ರೆಗೆ ಕಡಿಮೆಯಲ್ಲವೆಂದು ಮನಗಂಡು, ಸಂಗ್ರಹಕ್ಕೆ ತೊಡಗಿದರು. ೧೯೧೬ರಲ್ಲಿ ಅವರು ಕಾಂಕ್ರೀಟಿನಿಂದ ಕಟ್ಟಿ ಮುಗಿಸಿದ ವಸ್ತುಸಂಗ್ರಹಾಲಯದಲ್ಲಿ ಒಂದು ಕಾನೆಸ್ಟೋಗಾ ಬಂಡಿಯನ್ನು ನೋಡುವವರ ತಲೆಯ ಮೇಲೆ ತೂಗುಹಾಕಲಾಗಿದೆ. ಲ್ಯಾಂಕಾಸ್ಟರ್ ಸೀಮೆಯಲ್ಲಿಯೇ ಹೆನ್ರಿ ಮತ್ತು ಜಾರ್ಜ್ ಲ್ಯಾಂಡಿಸ್ ಎಂಬ ಸಹೋದರರು ರೈತರ ಮನೆಯ ಸಾಮಾನ್ಯ ವಸ್ತುಗಳನ್ನು ಕೂಡಿಹಾಕಿ ೧೯೨೫ರಲ್ಲಿ ಜನರಿಗೆ ತೋರಿಸತೊಡಗಿದರು. ಆ ಸಂಗ್ರಹವನ್ನು ೧೯೫೩ರಲ್ಲಿ ಪ್ರಾಂತ ಸರ್ಕಾರವೇ ವಹಿಸಿಕೊಂಡಿತು. ನೆರೆಯವರು ಸೌದೆಯೆಂದು ಬಗೆದುದನ್ನು ಇವರು ಸಾಕ್ಷ್ಯವೆಂದು ಬಗೆದರು. ವ್ಯತ್ಯಾಸವಿಷ್ಟೆ.

ಆದರೆ ಬಂಡಿಯನ್ನು ಕೂಡಿಡುವುದು ಒಂದು, ಅದನ್ನು ಮತ್ತೆ ನಡೆಯುವಂತೆ ಮಾಡುವುದು ಬೇರೊಂದು. ಒಂದು ಗಾಲಿಯನ್ನು ಸರಿಪಡಿಸಲು ಹೊರಟವನಿಗೆ ಆ ಗಾಲಿಯನ್ನು ಮಾಡಿದವನ ವಿದ್ಯೆಯೆಲ್ಲ ಬೇಕಾಗುತ್ತದೆ. ಸಂಸ್ಕೃತದಲ್ಲಿ ನಾಭಿ, ಅರ, ನೇಮಿ ಎಂದು ಗಾಲಿಯ ಮೂರು ಅಂಗಗಳನ್ನು ಹೆಸರಿಸುತ್ತಾರೆ. ಇಂಗ್ಲೆಂಡಿನ ಬಡಗಿಯು ಈ ಮೂರಕ್ಕೂ ಮೂರು ಬಗೆಯ ಮರವನ್ನು ಆರಿಸುತ್ತಿದ್ದನು. ಎಷ್ಟು ತೂತು ಕೊರೆದರೂ ಸೀಳದಿರುವ ಎಲ್ಮ್ ಮರ ನಡುವಿನ ನಾಭಿಗೆ. ಭಾರವನ್ನು ನೇರವಾಗಿ ಹೊರಬಲ್ಲ ಓಕ್ ಮರ ಅರಗಳಿಗೆ. ಪೆಟ್ಟು ಬಿದ್ದರೆ ಬಳುಕಿ ತಡೆದುಕೊಳ್ಳುವ ಆಶ್ ಮರ ಸುತ್ತಿನ ನೇಮಿಗೆ. ನಮ್ಮ ಬಡಗಿಗಳು ಗಾಲಿಗೆ ಕರಿಜಾಲಿಯನ್ನು ಹುಡುಕಿಕೊಂಡು ಹೋಗುತ್ತಿದ್ದುದೂ ಇಂತಹ ಅನುಭವದಿಂದಲೇ. ಎಲ್ಲ ಕೂಡಿಸಿದ ಮೇಲೆ, ನೇಮಿಯ ಸುತ್ತಳತೆಗಿಂತ ತುಸು ಕಿರಿದಾಗಿ ಮಾಡಿದ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದ ಕ್ಷಣದಲ್ಲಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವುದರೊಳಗಾಗಿ ನೀರು ಸುರಿಯಬೇಕು. ಪಟ್ಟಿ ಕುಗ್ಗುತ್ತ ಬರುವಾಗ ಕೀಲುಗಳೆಲ್ಲ ಕಿರುಗುಟ್ಟಿ ಬಿಗಿಯುತ್ತವೆ. ಸುತ್ತಳತೆಯನ್ನು ಹೆಚ್ಚು ಕಿರಿದು ಮಾಡಿದರೆ ಅರಗಳು ಬಾಗುತ್ತವೆ. ಸಾಲದೆ ಹೋದರೆ ಬೇಸಗೆಯಲ್ಲಿ ಪಟ್ಟಿಯೇ ಕಳಚಿ ಬೀಳುತ್ತದೆ.

ಈ ವಿದ್ಯೆಯನ್ನು ಗ್ರಂಥಸ್ಥಮಾಡಿದ ಪುಣ್ಯವು ಜಾರ್ಜ್ ಸ್ಟರ್ಟ್ ಎಂಬವರದು. ಇಂಗ್ಲೆಂಡಿನ ಸರ್ರೆ ಸೀಮೆಯ ಫಾರ್ನಮ್ ಎಂಬ ಊರಿನಲ್ಲಿ ಉಪಾಧ್ಯಾಯರಾಗಿದ್ದ ಅವರು ೧೮೮೪ರಲ್ಲಿ ತಮ್ಮ ಮನೆತನದ ಗಾಲಿ ಕೆಲಸದ ಅಂಗಡಿಯನ್ನು ವಹಿಸಿಕೊಂಡರು. ಕೆಲಸಗಾರರಿಂದಲೇ ಕೆಲಸವನ್ನು ಕಲಿತರು. ಆ ಕಸುಬು ಕಣ್ಣೆದುರಿಗೇ ಅಳಿಯುತ್ತಿರುವುದನ್ನು ಕಂಡು ೧೯೨೩ರಲ್ಲಿ ‘ದಿ ವೀಲ್‌ರೈಟ್ಸ್ ಶಾಪ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಗಾಲಿಯು ಚಪ್ಪಟೆಯಾಗಿರದೆ ಆಳವಿಲ್ಲದ ತಟ್ಟೆಯಂತೆ ಏಕೆ ಹೊರಕ್ಕೆ ಬಾಗಿರಬೇಕು? ಕುದುರೆ ಹೆಜ್ಜೆಯಿಟ್ಟಂತೆಲ್ಲ ಭಾರವು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗಿ ನಾಭಿಯನ್ನು ಪಕ್ಕಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಎದುರು ನಿಲ್ಲಲೆಂದು. ಇಂತಹ ಕಾರಣಗಳನ್ನು ಅವರು ಬರೆದಿಡದಿದ್ದರೆ, ಇಂದು ಹಳೆಯ ಬಂಡಿಯನ್ನು ಎತ್ತಿ ನಿಲ್ಲಿಸುವವರು ಆಕಾರವನ್ನು ಅನುಕರಿಸುತ್ತಿದ್ದರೇ ಹೊರತು ಅದರ ಅರ್ಥವನ್ನು ತಿಳಿಯುತ್ತಿರಲಿಲ್ಲ.

ಇನ್ನು ಮೋಟಾರು ಲಾರಿಯ ಮಾತು. ಬಂಡಿಗೂ ಲಾರಿಗೂ ನಡುವೆ ನಾವು ಎಣಿಸುವಷ್ಟು ಅಂತರವಿಲ್ಲ. ಅಮೆರಿಕಾದ ಸೌತ್ ಬೆಂಡ್ ಎಂಬ ಊರಿನಲ್ಲಿ ೧೮೫೨ರಲ್ಲಿ ಕಮ್ಮಾರಸಾಲೆಯನ್ನು ತೆರೆದು ಬಂಡಿ ಕಟ್ಟುತ್ತಿದ್ದ ಸ್ಟುಡಿಬೇಕರ್ ಸಹೋದರರ ಸಂಸ್ಥೆಯೇ ೧೯೦೨ರಲ್ಲಿ ವಿದ್ಯುತ್ತಿನ ಮೋಟಾರು ಗಾಡಿಯನ್ನೂ, ೧೯೦೪ರಲ್ಲಿ ಪೆಟ್ರೋಲಿನದನ್ನೂ ಮಾರತೊಡಗಿತು. ಜರ್ಮನಿಯಲ್ಲಿ ಗಾಟ್ಲೀಬ್ ಡೈಮ್ಲರ್ ಅವರ ಸಂಸ್ಥೆಯು ೧೮೯೬ರಲ್ಲಿ ಸಿದ್ಧಪಡಿಸಿದ ಮೊದಲನೆಯ ಮೋಟಾರು ಲಾರಿಯು ನೋಟಕ್ಕೆ ಕುದುರೆಯನ್ನು ಬಿಚ್ಚಿದ ಸರಕಿನ ಬಂಡಿಯೇ. ಮರದ ಅರಗಳು, ಕಬ್ಬಿಣದ ಪಟ್ಟಿ ತೊಡಿಸಿದ ಗಾಲಿಗಳು. ಹಿಂಬದಿಯಲ್ಲಿ ನಾಲ್ಕು ಕುದುರೆಶಕ್ತಿಯ ಯಂತ್ರ. ಹೊರುವ ಭಾರ ೧,೫೦೦ ಕಿಲೋಗ್ರಾಂ. ಅದೇ ವರ್ಷ ಇಂಗ್ಲೆಂಡಿನ ಲೇಲೆಂಡ್ ಎಂಬ ಊರಿನಲ್ಲಿ ಒಂದೂವರೆ ಟನ್ ಹೊರುವ ಉಗಿಬಂಡಿಯೊಂದು ಸಿದ್ಧವಾಯಿತು. ಮುಂದೆ ಲೇಲೆಂಡ್ ಮೋಟಾರ್ಸ್ ಎಂದು ಪ್ರಸಿದ್ಧವಾದ ಸಂಸ್ಥೆಗೆ ಅದೇ ಮೂಲ.

ಇಂಗ್ಲೆಂಡಿನ ಕಾನೂನು ಮಾತ್ರ ಬಹುಕಾಲ ಇಂತಹ ಬಂಡಿಗಳನ್ನು ಸಂಶಯದಿಂದಲೇ ನೋಡಿತು. ೧೮೬೫ರ ಶಾಸನದಂತೆ ಯಂತ್ರದ ಬಂಡಿಯು ಊರ ಹೊರಗೆ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿ ಮಾತ್ರ ಚಲಿಸಬೇಕು. ಅದರ ಮುಂದೆ ಕೆಂಪು ಬಾವುಟ ಹಿಡಿದ ಒಬ್ಬನು ನಡೆಯಬೇಕು. ಬಾವುಟದ ಕಟ್ಟಳೆ ೧೮೭೮ರಲ್ಲಿ ಸಡಿಲವಾಯಿತಾದರೂ, ಮುಂದೆ ಮನುಷ್ಯನು ನಡೆಯಬೇಕೆಂಬುದು ೧೮೯೬ರವರೆಗೂ ಉಳಿದಿದ್ದಿತು. ಆ ಕಟ್ಟು ಕಳಚಿದ ಸಂತೋಷಕ್ಕಾಗಿ ೧೮೯೬ನೆಯ ನವೆಂಬರ್ ೧೪ರಂದು ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ ಪಟ್ಟಣಕ್ಕೆ ಸವಾರಿ ಹೊರಟರು. ಈ ದಾರಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸ್ತಾಪ ಬರುವುದು.

ಲಾರಿಯು ಬೆಳೆದುದು ಯುದ್ಧದಲ್ಲಿ. ೧೯೧೬ರಲ್ಲಿ ಫ್ರಾನ್ಸಿನ ವೆರ್ಡನ್ ಕೋಟೆಯನ್ನು ಜರ್ಮನರು ಮುತ್ತಿದಾಗ, ಬಾರ್-ಲೆ-ಡ್ಯೂಕ್‌ನಿಂದ ಹೋಗುವ ಒಂದೇ ರಸ್ತೆಯಲ್ಲಿ ಸರಾಸರಿ ಹದಿನಾಲ್ಕು ಸೆಕೆಂಡಿಗೊಂದರಂತೆ ಲಾರಿಗಳು ಸೈನಿಕರನ್ನೂ ಮದ್ದುಗುಂಡುಗಳನ್ನೂ ಒಯ್ದವೆಂದು ಲೆಕ್ಕ. ಬ್ರಿಟಿಷ್ ವಿಮಾನ ಪಡೆಗಾಗಿ ಲೇಲೆಂಡ್ ಸಂಸ್ಥೆಯು ಸುಮಾರು ಆರು ಸಾವಿರ ಲಾರಿಗಳನ್ನು ಕಟ್ಟಿಕೊಟ್ಟಿತು. ಯುದ್ಧ ಮುಗಿದ ಬಳಿಕ ಅದೇ ಸಂಸ್ಥೆಯು ತಾನು ಮಾರಿದ್ದ ಲಾರಿಗಳನ್ನು ಸಾವಿರಗಟ್ಟಲೆಯಾಗಿ ಹಿಂದಕ್ಕೆ ಕೊಂಡು, ಬಿಚ್ಚಿ, ಹೊಸದಾಗಿ ಜೋಡಿಸಿ, ವ್ಯಾಪಾರಿಗಳಿಗೆ ಮಾರಿತು. ಲಾರಿಯ ಜೀರ್ಣೋದ್ಧಾರವು ಆರಂಭವಾದುದು ಹೀಗೆ, ಅಭಿಮಾನದಿಂದಲ್ಲ, ವ್ಯಾಪಾರದ ಅಗತ್ಯದಿಂದ. ಆ ಲಾರಿಗಳು ಇಪ್ಪತ್ತರ ದಶಕದಲ್ಲಿ ದುಡಿದು ಸವೆದವು. ೧೯೩೩ರಲ್ಲಿ ಖಾಲಿ ಬಂಡಿಯ ತೂಕವನ್ನನುಸರಿಸಿ ತೆರಿಗೆಯೇರಿದಾಗ, ಸಹಜವಾಗಿ ಭಾರವಾಗಿದ್ದ ಉಗಿಲಾರಿಗಳು ಬೀದಿಯಿಂದ ಮರೆಯಾಗತೊಡಗಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಳೆಯ ಕಬ್ಬಿಣಕ್ಕೆ ಬೇಡಿಕೆ ಬಂದು, ಮೂಲೆಯಲ್ಲಿದ್ದವು ಎಷ್ಟೋ ಕುಲುಮೆಗೆ ಬಿದ್ದವು.

ಹವ್ಯಾಸಿಗಳು ಎಚ್ಚರಗೊಂಡುದು ಯಾವಾಗ? ಶ್ರೀಮಂತರ ಮೋಟಾರು ಕಾರುಗಳ ವಿಷಯದಲ್ಲಿ ಬೇಗನೆ. ೧೯೨೭ರಲ್ಲಿ ಹಳೆಯ ಕಾರುಗಳು ಅದೇ ಬ್ರೈಟನ್ ದಾರಿಯಲ್ಲಿ ಸ್ಮಾರಕ ಯಾತ್ರೆ ಹೊರಟವು. ೧೯೩೦ರಲ್ಲಿ ಅಂತಹ ಕಾರುಗಳ ಒಡೆಯರು ಸಂಘವನ್ನು ಕಟ್ಟಿಕೊಂಡರು. ಆದರೆ ಸರಕು ಹೊತ್ತ ಲಾರಿಗಳಿಗಾಗಿ ಐತಿಹಾಸಿಕ ವಾಣಿಜ್ಯ ವಾಹನ ಸಂಘವು ಸ್ಥಾಪಿತವಾದುದು ೧೯೫೮ರಲ್ಲಿ. ಅವು ಬ್ರೈಟನ್ನಿಗೆ ಮೊದಲನೆಯ ಯಾತ್ರೆ ಹೊರಟುದು ೧೯೬೨ರಲ್ಲಿ. ಅಮೆರಿಕಾದಲ್ಲಿ ಲಾರಿಗಳ ಚರಿತ್ರೆಗೆಂದೇ ಒಂದು ಸಂಘ ಹುಟ್ಟಿದುದು ೧೯೭೧ರಲ್ಲಿ. ಒಡೆಯನ ಕಾರಿಗೂ ಆಳಿನ ಲಾರಿಗೂ ನಡುವೆ ಗೌರವ ದೊರೆಯುವುದರಲ್ಲಿ ಇಷ್ಟು ವರ್ಷಗಳ ಅಂತರ! ಅಷ್ಟರಲ್ಲಿ ನಷ್ಟವಾದುದಕ್ಕೆ ಲೆಕ್ಕವಿಲ್ಲ. ಆದರೂ ಉಳಿದುದನ್ನು ಉಳಿಸಿದವರಲ್ಲಿ ಲಾರಿ ನಡೆಯಿಸಿದವರೂ, ರಿಪೇರಿ ಕೆಲಸದವರೂ, ಅವರ ಮಕ್ಕಳೂ ಬಹುಮಂದಿ ಇದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ತಂದೆಯ ದುಡಿಮೆಗೆ ಮಗನು ಸಲ್ಲಿಸಿದ ತರ್ಪಣವೆಂದು ಇದನ್ನು ಕರೆದರೆ ತಪ್ಪಾಗಲಾರದು.

ಆ ಕೆಲಸ ಎಂತಹುದು? ದೊರೆಯುವುದು ಸಾಮಾನ್ಯವಾಗಿ ತುಕ್ಕು ಹಿಡಿದ ಚೌಕಟ್ಟು, ಬಿಗಿದುಕೊಂಡ ಯಂತ್ರ, ಎರಡೋ ಮೂರೋ ಗಾಲಿ. ಮರದ ಮೈ ಎಂದೋ ಕೊಳೆತುಹೋಗಿರುತ್ತದೆ. ೧೯೧೭ರಲ್ಲಿ ಹೊರಬಂದ ಫೋರ್ಡ್ ಸಂಸ್ಥೆಯ ಒಂದು ಟನ್ನಿನ ‘ಟಿಟಿ’ ಲಾರಿಯು ಮೊದಲಿಗೆ ಮೈಯಿಲ್ಲದೆಯೇ ಮಾರಾಟವಾಗುತ್ತಿದ್ದಿತು. ಕೊಂಡವನು ತನ್ನೂರಿನ ಬಡಗಿಯಿಂದ ಅದನ್ನು ಕಟ್ಟಿಸಿಕೊಳ್ಳುತ್ತಿದ್ದನು. ಆದುದರಿಂದ ‘ಮೂಲರೂಪ’ವೆಂಬುದು ಒಂದೇ ಅಲ್ಲ, ಊರಿಗೊಂದು. ಅದನ್ನು ತಿಳಿಯಲು ಹಳೆಯ ಛಾಯಾಚಿತ್ರಗಳನ್ನೂ, ೧೯೦೫ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಕಮರ್ಷಿಯಲ್ ಮೋಟಾರ್’ ಮೊದಲಾದ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನೂ ಶೋಧಿಸಬೇಕು. ಒಡೆದುಹೋದ ಎರಕದ ಭಾಗಕ್ಕೆ ಮರದಲ್ಲಿ ಮಾದರಿಯನ್ನು ಮಾಡಿ ಹೊಸದಾಗಿ ಎರಕ ಹೊಯ್ಯಿಸಬೇಕು. ಕರಗಿದ ಕಬ್ಬಿಣವು ಆರುವಾಗ ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಕುಗ್ಗುವುದು. ಇದನ್ನರಿಯದೆ ಹಳೆಯ ಭಾಗವನ್ನೇ ಮಾದರಿಯಾಗಿಟ್ಟರೆ ಹೊಸತು ಚಿಕ್ಕದಾಗಿ ಹುಟ್ಟಿ ಎಲ್ಲಿಯೂ ಹೊಂದುವುದಿಲ್ಲ. ತಿರುಗುವ ದಂಡದ ಬೇರಿಂಗುಗಳಿಗೆ ತವರ ಪ್ರಧಾನವಾದ ‘ವೈಟ್ ಮೆಟಲ್’ ಎಂಬ ಮಿಶ್ರಲೋಹವನ್ನು ಕಾಯಿಸಿ ಹೊಯ್ದು, ದಂಡಕ್ಕೆ ತೆಳುವಾಗಿ ಬಣ್ಣ ಸವರಿ ತಿರುಗಿಸಿ, ಬಣ್ಣ ಹತ್ತಿದ ಉಬ್ಬುಗಳನ್ನು ಕೈಯಿಂದಲೇ ಹೆರೆಯಬೇಕು. ಮತ್ತೆ ತಿರುಗಿಸಬೇಕು, ಮತ್ತೆ ಹೆರೆಯಬೇಕು. ಗಟ್ಟಿ ರಬ್ಬರಿನ ಟೈರನ್ನು ಗಾಲಿಗೆ ತೊಡಿಸಲು ಭಾರಿ ಒತ್ತುಯಂತ್ರವೇ ಬೇಕು. ಕೊನೆಗೆ ಎಲ್ಲ ಸಿದ್ಧವಾದ ದಿನ, ಹಿಡಿಕೆಯನ್ನು ಹಾಕಿ ತಿರುಗಿಸುವವನು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲಿಯೇ ಇಟ್ಟುಕೊಳ್ಳಬೇಕೆಂಬ ಹಳಬರ ಬುದ್ಧಿವಾದವನ್ನು ಮರೆಯಬಾರದು. ಯಂತ್ರವು ಹಿಂದಕ್ಕೆ ಒದೆದರೆ ಮಣಿಕಟ್ಟು ಮುರಿಯುವುದು. ನೂರು ವರ್ಷಗಳ ಹಿಂದಿನ ಚಾಲಕನ ದಿನಚರಿಯನ್ನು ಯಾವ ಗ್ರಂಥವೂ ಇಷ್ಟು ಚೆನ್ನಾಗಿ ತಿಳಿಸಲಾರದು.

ಇಲ್ಲಿಯೇ ನಾವು ಮೊದಲು ಸೂಚಿಸಿದ ಅಪಾಯವೂ ಇದೆ. ಕೊಡಲಿಯ ಕಾವನ್ನು ತಂದೆ ಬದಲಾಯಿಸಿ, ಅಲಗನ್ನು ಮಗ ಬದಲಾಯಿಸಿದರೆ, ಅಜ್ಜನ ಕೊಡಲಿ ಎಲ್ಲಿ ಉಳಿಯಿತು? ಉತ್ಸಾಹಿಯಾದ ಹವ್ಯಾಸಿಯು ಮಾಸಿದ ಹಲಗೆಯನ್ನು ಕಿತ್ತು ಹೊಸತನ್ನು ಹಾಕುತ್ತಾನೆ. ಹಳೆಯ ಬಣ್ಣವನ್ನೆಲ್ಲ ಕೆರೆದು, ಕಾರ್ಖಾನೆಯಿಂದ ಹೊರಟಂದೂ ಇದ್ದಿರಲಾರದ ಹೊಳಪನ್ನು ಕೊಡುತ್ತಾನೆ. ನೋಡಿದವರು ಕೈತಟ್ಟುತ್ತಾರೆ. ಆದರೆ ಹಗ್ಗ ಉಜ್ಜಿ ಸವೆದ ಅಂಚು, ಪ್ರತಿದಿನ ಒಂದೇ ಕಡೆ ಕಾಲಿಟ್ಟು ಹತ್ತಿದ ಚಾಲಕನು ಮೆಟ್ಟಲಿನಲ್ಲಿ ಮಾಡಿದ ತಗ್ಗು, ಮೂರು ಪದರ ಬಣ್ಣದ ಕೆಳಗೆ ಮಸುಕಾಗಿ ಕಾಣುವ ಮೊದಲನೆಯ ಒಡೆಯನ ಹೆಸರು, ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತವೆ. ಶಾಸನದ ಕಲ್ಲನ್ನು ನುಣುಪು ಮಾಡಲೆಂದು ಅಕ್ಷರಗಳನ್ನೇ ಉಜ್ಜಿಹಾಕಿದಂತೆ ಇದು. ಹಾಗೆಂದು ಏನನ್ನೂ ಮುಟ್ಟಬಾರದೆಂದರೆ ಬಂಡಿ ಓಡುವುದಿಲ್ಲ; ಓಡದ ಬಂಡಿಯು ತನ್ನ ಕಥೆಯ ಅರ್ಧವನ್ನು ಮಾತ್ರ ಹೇಳುತ್ತದೆ.

ಈ ಸಂದಿಗ್ಧಕ್ಕೆ ಒಂದು ಮಧ್ಯಮಾರ್ಗವುಂಟು. ಪ್ರಾಚೀನ ಕಟ್ಟಡಗಳ ವಿಷಯವಾಗಿ ೧೯೬೪ರಲ್ಲಿ ವೆನಿಸ್ ನಗರದಲ್ಲಿ ಸೇರಿದ ವಿದ್ವಾಂಸರು, ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ಜೀರ್ಣೋದ್ಧಾರವು ನಿಲ್ಲಬೇಕೆಂಬ ತತ್ತ್ವವನ್ನು ಸ್ಥಿರಪಡಿಸಿದರು. ಬಂಡಿಯ ವಿಷಯದಲ್ಲಿಯೂ ಇದನ್ನೇ ಅನುಸರಿಸಬಹುದು. ಭಾರ ಹೊರಲಾರದುದನ್ನು, ಅಪಾಯ ತರುವುದನ್ನು ಮಾತ್ರ ಬದಲಾಯಿಸುವುದು. ಬದಲಾಯಿಸಿದ ಭಾಗದ ಮೇಲೆ ಕಣ್ಣಿಗೆ ಬೀಳದ ಕಡೆ ವರ್ಷವನ್ನು ಒತ್ತುವುದು. ತೆಗೆದ ಚೂರನ್ನು ಎಸೆಯದೆ ಚೀಟಿ ಕಟ್ಟಿ ಇಡುವುದು. ಮಾಡಿದ ಕೆಲಸಕ್ಕೆಲ್ಲ ಒಂದು ಪುಸ್ತಕದಲ್ಲಿ ಲೆಕ್ಕ ಬರೆಯುವುದು. ಹೀಗೆ ಮಾಡಿದರೆ ಮುಂದಿನವರು ಇಲ್ಲಿಯವರೆಗೆ ಹಳೆಯದು, ಇಲ್ಲಿಂದ ನಮ್ಮವರದು ಎಂದು ಬೇರ್ಪಡಿಸಿ ಓದಬಲ್ಲರು. ಚರಿತ್ರಕಾರನಿಗೂ ಬಡಗಿಗೂ ಇರಬೇಕಾದ ಪ್ರಾಮಾಣಿಕತೆ ಒಂದೇ: ತಾನು ಸೇರಿಸಿದುದನ್ನು ಮುಚ್ಚಿಡದಿರುವುದು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ನಮ್ಮಲ್ಲಿ ಹಳೆಯ ಕಾರುಗಳನ್ನು ಆದರದಿಂದ ಕಾಪಾಡಿದವರುಂಟು; ಧರ್ಮಸ್ಥಳದ ಸಂಗ್ರಹವನ್ನು ಯಾತ್ರಿಕರು ಕಂಡೇ ಇರುತ್ತಾರೆ. ಆದರೆ ಎತ್ತಿನ ಗಾಡಿಯ ಗಾಲಿಗಳನ್ನು ನಾವು ಇಂದು ಹೆಚ್ಚಾಗಿ ಕಾಣುವುದು ಹೋಟೆಲುಗಳ ಬಾಗಿಲಲ್ಲಿ, ವಾರ್ನಿಷು ಬಳಿದುಕೊಂಡು, ಗೋಡೆಗೊರಗಿ ನಿಂತಿರುವುದನ್ನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ, ಬೆನ್ನಿಗೆ ಒಲೆಯನ್ನು ಕಟ್ಟಿಕೊಂಡು ಇದ್ದಲಿನ ಅನಿಲದಿಂದ ಓಡಿದ ಬಸ್ಸುಗಳ ಕಥೆಯನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮ ಶ್ರೋತೃಗಳಲ್ಲಿ ಅನೇಕರಿರಬಹುದು. ಆ ಒಲೆಯನ್ನು ಹೊತ್ತಿಸುತ್ತಿದ್ದ ಬಗೆ ಹೇಗೆ, ಏರು ಬಂದಾಗ ಏನು ಮಾಡುತ್ತಿದ್ದರು, ಇದನ್ನು ಕೈಯಾರೆ ಮಾಡಿ ತೋರಿಸಬಲ್ಲವರು ಇನ್ನೆಷ್ಟು ಮಂದಿ?

ಎಲ್ಲರೂ ಲಾರಿಯನ್ನು ಕೊಂಡು ಅಂಗಳದಲ್ಲಿ ಬಿಚ್ಚಿಕೊಂಡು ಕೂರಬೇಕೆಂದು ನಾವು ಹೇಳುವುದಿಲ್ಲ. ಊರಿಗೆ ಹೋದಾಗ ಹಿತ್ತಿಲಿನಲ್ಲಿ ಮೂಕಿ ಮುರಿದು ನಿಂತ ಗಾಡಿಯಿದ್ದರೆ, ಅದನ್ನು ಸೌದೆಗೆ ಒಡೆಯುವ ಮುನ್ನ ಅಳತೆ ತೆಗೆದುಕೊಳ್ಳಬಹುದು. ಅದನ್ನು ಮಾಡಿದ ಬಡಗಿಯ ಮನೆಯವರು ಇದ್ದರೆ, ನಾಭಿಗೆ ಯಾವ ಮರ, ಅದನ್ನು ಎಷ್ಟು ಕಾಲ ಆರಿಸಬೇಕು, ಪಟ್ಟಿಯನ್ನು ಎಷ್ಟು ಕಿರಿದು ಮಾಡಬೇಕು ಎಂದು ಕೇಳಿ ಬರೆದುಕೊಳ್ಳಬಹುದು. ಗುಂಬ, ನೊಗ, ಕಡೆಗೀಲು ಎಂಬ ಮಾತುಗಳಾದರೂ ಅವುಗಳನ್ನು ಆಡಿದವರ ಬಾಯಿಂದಲೇ ಉಳಿಯುವುವು. ನಮ್ಮ ಹಿರಿಯರು ಗುಡಿ ಕಟ್ಟುವ ದಿನವೇ ಅದರ ಜೀರ್ಣೋದ್ಧಾರಕ್ಕೆ ಹೊಲವನ್ನು ತೆಗೆದಿಟ್ಟರು. ಆ ಗುಡಿಗೆ ಕಲ್ಲನ್ನು ಹೊತ್ತು ತಂದ ಬಂಡಿಗಾಗಿ ಯಾರೂ ಏನನ್ನೂ ತೆಗೆದಿಡಲಿಲ್ಲ. ಆ ಬಾಕಿಯನ್ನು ಸಲ್ಲಿಸುವ ಹೊಣೆ ನಮ್ಮ ಪಾಲಿಗೆ ಬಂದಿದೆ.